ನನ್ನ ದವಡೆಯನ್ನು ಸುತ್ತು ಹಾಕಿದ ಯಂತ್ರ ಮಹಾಶಯರಿಗೆ

ಮಾನ್ಯರೇ,

ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ, ದಪ್ಪ ಬಾಗಿಲಿನ ಮರೆಯಲ್ಲಿ, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಊರವರ ದವಡೆಗಳ ಎಕ್ಸ್‌ರೇ ಚಿತ್ರ ತೆಗೆಯುತ್ತ ನಿಂತಿರುವ ತಮಗೆ, ಮೇಲಿನ ಸಾಲಿನ ಮುಂದಿನ ಹಲ್ಲೊಂದನ್ನು ಕಳೆದುಕೊಂಡ ಕ್ಲಾರಿನೆಟ್ ವಾದಕನೊಬ್ಬನ ವಿನಯಪೂರ್ವಕ ನಮಸ್ಕಾರಗಳು. ತಾವೂ ತಮ್ಮ ತಿರುಗುವ ತೋಳೂ ಕ್ಷೇಮವೆಂದು ನಂಬಿದ್ದೇನೆ.

ದೂರು ಹೇಳುವ ಮೊದಲು ತಪ್ಪೊಪ್ಪಿಕೊಳ್ಳುವುದು ಸಭ್ಯರ ಲಕ್ಷಣವಾದ್ದರಿಂದ, ಮತ್ತು ಆ ಆಸ್ಪತ್ರೆಯಲ್ಲಿ ಎಲ್ಲರೂ ನನಗೆ ಬಾಯಿ ಬಿಡಿ, ಬಾಯಿ ಬಿಡಿ ಎಂದು ಹೇಳಿ ಅಭ್ಯಾಸ ಮಾಡಿಸಿರುವುದರಿಂದ, ಇಗೋ ಬಾಯಿ ಬಿಡುತ್ತಿದ್ದೇನೆ: ಕಳೆದ ವಾರ ತಮ್ಮ ಸನ್ನಿಧಿಯಲ್ಲಿ ನಾನು ಅಲ್ಲಾಡಿದೆ. ಗದ್ದವನ್ನು ತಮ್ಮ ಪ್ಲಾಸ್ಟಿಕ್ ಆಸರೆಯ ಮೇಲಿಟ್ಟು, ಕಡ್ಡಿ ಕಚ್ಚಿಸಿ, "ಅಲ್ಲಾಡ್ಬೇಡಿ ಸಾರ್, ಉಗುಳು ಕೂಡ ನುಂಗ್ಬೇಡಿ" ಎಂದು ನರ್ಸಮ್ಮ ಹೇಳಿಹೋದ ಮೇಲೂ ಬೇಕೆಂದೇ ಅಲ್ಲಾಡಿದೆ. ಆದರೆ ಅಪರಾಧದಲ್ಲಿ ತಮ್ಮ ಪಾಲೂ ಇದೆ. ನನ್ನ ತಲೆಯ ಸುತ್ತ ತಿರುಗುತ್ತ ತಾವು ಹೊರಡಿಸಿದ ಆ 'ಗುಂಯ್' ಎಂಬ ಎಳೆದ ಸ್ವರ, ನಮ್ಮ ಬ್ಯಾಂಡಿನ ಮುಖ್ಯಸ್ಥರೂ ನನ್ನ ಹೆಂಡತಿಯ ಅಣ್ಣನೂ ಆದ ಭಾವನವರು ಜೀವಮಾನದಲ್ಲಿ ಹಿಡಿಯಲಾಗದಂಥ ಶುದ್ಧ ಶ್ರುತಿಯಲ್ಲಿತ್ತು. ಅಂಥದ್ದು ಕಿವಿಗೆ ಬಿದ್ದರೆ ಕೈಕಾಲು ಕಟ್ಟಿದ್ದರೂ ಗದ್ದದಿಂದಲಾದರೂ ತಾಳ ಹಾಕುವುದು ವಾದಕರ ಜಾತಕದಲ್ಲೇ ಇದೆ, ಹಾಕಿದೆ. ಪರಿಣಾಮವಾಗಿ ಬಂದ ಚಿತ್ರದಲ್ಲಿ ನನ್ನ ಹಲ್ಲುಗಳೆಲ್ಲ ಎರಡೆರಡಾಗಿ ಮೂಡಿದ್ದವು. "ಇದೇನ್ರೀ ಇದು, ಮೊಸಳೆ ಬಾಯಿ ಥರ ಬಂದಿದೆ!" ಎಂದು ಡಾಕ್ಟರಮ್ಮ ಹೌಹಾರಿದಾಗ ನಾನು, "ಇದನ್ನೇ ಇಟ್ಕೊಳ್ಳೋಣ ಡಾಕ್ಟ್ರೇ, ಇದರಲ್ಲಿ ಹಲ್ಲಿಗೇನೂ ಕೊರತೆ ಇಲ್ಲ" ಎಂದು ಬಿನ್ನವಿಸಿಕೊಂಡೆ. ಅವರು ಒಪ್ಪಲಿಲ್ಲ.

ತಾವು ಎಲುಬಿನ ಆಳವನ್ನು ಬಲ್ಲಿರೇ ಹೊರತು ಕಥೆಯ ಆಳವನ್ನು ಬಲ್ಲವರಲ್ಲವಾದ್ದರಿಂದ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕ್ಲಾರಿನೆಟ್ ನುಡಿಸುವವನು ಅದರ ತುದಿಯ ಮೇಲೆ ಮೇಲಿನ ಮುಂದಿನ ಹಲ್ಲುಗಳನ್ನು ಊರಿಕೊಂಡು ಊದಬೇಕು. ಹಲ್ಲೇ ವಾದ್ಯಕ್ಕೆ ಆಧಾರ. ಆ ತುದಿಗೆ, ಸ್ವರ ಹೊರಡಿಸುವ ರೀಡೆಂಬ ತೆಳುಪಟ್ಟಿಯನ್ನು ಬಿಗಿಯುವ ಪುಟ್ಟ ತಿರುಪೊಂದಿದ್ದು, ಅದು ಸಡಿಲಾದಾಗ ಬೆರಳಿನಿಂದ ಬಿಗಿಮಾಡುವುದು ವಾಡಿಕೆ; ಎರಡೂ ಕೈ ತುಂಬಿದ್ದಾಗ ಹಲ್ಲಿನಿಂದ ಬಿಗಿಮಾಡುವುದು ನನ್ನ ವಾಡಿಕೆ. ಒಂದು ದಿನ ಹಾಗೆ ಬಿಗಿಯುವಾಗ, ಹಿಂದೊಮ್ಮೆ ರೂಟ್ ಕೆನಾಲ್ ಎಂದು ಬೇರು ಕೊರೆಸಿಕೊಂಡಿದ್ದ ಹಲ್ಲು 'ಕಟ್' ಎಂದಿತು. ತಿರುಪು ಬಿಗಿಯಾಯಿತು, ಹಲ್ಲು ಕೈಗೆ ಬಂತು. ಈಗ ತಿರುಪಿನಿಂದ ಖಾಲಿಯಾದ ಜಾಗಕ್ಕೆ ಇನ್ನೊಂದು ತಿರುಪನ್ನೇ ಕೂರಿಸಿ, ಅದರ ತಲೆಯ ಮೇಲೆ ಹೊಸ ಹಲ್ಲಿಡೋಣವೇ ಬೇಡವೇ ಎಂಬುದೇ ನಮ್ಮ ಮನೆಯ ಮುಂದಿರುವ ಪ್ರಶ್ನೆ. ಅದಕ್ಕೆ ಇಂಪ್ಲಾಂಟ್ ಎಂದು ಹೆಸರಂತೆ.

ಸದ್ಯಕ್ಕೆಂದು ಕೊಟ್ಟಿದ್ದ ತೆಗೆದಿಡುವ ಹಲ್ಲಿನ ಪರಾಕ್ರಮವನ್ನು ಊರೇ ನೋಡಿದೆ. ಶಾಲೆಯೊಂದರ ಕ್ರೀಡಾ ದಿನದಂದು ಮಕ್ಕಳ ಕವಾಯತಿಗೆ ನಾವು ನುಡಿಸುತ್ತಿದ್ದಾಗ ಅದು ಅಂಗುಳದಲ್ಲಿ ಅಲುಗಾಡಿ, ಪ್ರತಿ ಸ್ವರಕ್ಕೂ 'ಟಕ್ ಟಕ್' ಎಂದು ಕ್ಲಾರಿನೆಟ್ಟಿಗೆ ಕುಟ್ಟತೊಡಗಿತು. ಪಕ್ಕದಲ್ಲಿದ್ದ ಡ್ರಮ್ಮಿನವರು ಅದನ್ನೇ ಲಯವೆಂದು ತಿಳಿದು ಹಿಂಬಾಲಿಸಿದರು; ಅವರ ಪೆಟ್ಟಿಗೆ ಹೆದರಿದ ಹಲ್ಲು ಇನ್ನೂ ಬೇಗ ಕುಟ್ಟಿತು; ಶಿಸ್ತಿನಿಂದ ಹೆಜ್ಜೆ ಹಾಕುತ್ತಿದ್ದ ಮಕ್ಕಳು ಓಡಿದರು; ಸೆಲ್ಯೂಟ್ ಹೊಡೆದು ನಿಂತಿದ್ದ ಮುಖ್ಯ ಅತಿಥಿಗಳು ಕೈ ಇಳಿಸುವಷ್ಟರಲ್ಲಿ ಮೈದಾನ ಖಾಲಿಯಾಗಿತ್ತು. ಅಂದು ಭಾವನವರು ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಇಳಿಯುವಾಗ ಮಾತ್ರ, "ನೋಡಿ, ಹಲ್ಲಿಂದು ಏನಾದ್ರೂ ಒಂದು ಮಾಡ್ಕೊಳ್ಳಿ. ತಂಗಿ ಗಂಡ ಅಂತ ಎಷ್ಟು ದಿನ ಸಹಿಸ್ಲಿ? ಮದುವೆ ಸೀಸನ್ ಶುರುವಾಗೋ ಹೊತ್ತಿಗೆ ನಿಮ್ಮ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ" ಎಂದರು. ಮಾನ್ಯರೇ, ಆ ಮೊದಲ ಸಾಲಿನ ಜಾಗವೇ ನನ್ನ ಸರ್ವಸ್ವ. ನನ್ನ ಕ್ಲಾರಿನೆಟ್ ಇಲ್ಲದ ನಮ್ಮ ಬ್ಯಾಂಡು ಎಂದರೆ ಉಪ್ಪಿಲ್ಲದ ಸಾರು, ದಾರವಿಲ್ಲದ ಗಾಳಿಪಟ. ಇದು ಜಂಬವಲ್ಲ, ಊರಿನ ಅಭಿಪ್ರಾಯ. ಊರನ್ನು ಕೇಳುವಷ್ಟು ಪುರುಸೊತ್ತು ನನಗೆ ಸಿಕ್ಕಿಲ್ಲ, ಅಷ್ಟೆ.

ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ತಮ್ಮ ಬಳಿ ಬಂದರೆ ತಾವು ಮಾಡಿದ್ದೇನು? ಎರಡನೆಯ ಸಲ ಉಸಿರು ಬಿಗಿಹಿಡಿದು ನಿಂತ ನನ್ನನ್ನು ಚಿತ್ರಿಸಿ, ಹಲ್ಲು ಹೋದ ಜಾಗದಲ್ಲಿ ಮೂಳೆ ಸವೆದು ತೆಳ್ಳಗಾಗಿದೆ ಎಂದು ಪರದೆಯ ಮೇಲೆ ಬಹಿರಂಗವಾಗಿ ಸಾರಿದಿರಿ. ಅದೂ ನನ್ನ ಹೆಂಡತಿಯ ಮುಂದೆ! "ಬ್ಯಾಂಡಿನ ಟ್ರಂಪೆಟ್‌ನವರ ಮೂಳೆ ಮುರೀತೀನಿ ಅಂತ ದಿನಾ ಹಾರಾಡ್ತಾರೆ ಡಾಕ್ಟ್ರೇ, ಮೊದಲು ತಮ್ಮದೆಷ್ಟಿದೆ ಅಂತ ನೋಡ್ಕೋಬಾರ್ದಾ?" ಎಂದು ಆಕೆ ಅಲ್ಲೇ ಶುರುಮಾಡಿದಳು. ಡಾಕ್ಟರಮ್ಮ ನಗು ನುಂಗಿಕೊಂಡು ಸಿಗರೇಟಿನ ವಿಚಾರ ತೆಗೆದರು. ನಾನು ಗಂಭೀರವಾಗಿ, "ಅಪರೂಪಕ್ಕೆ ಸೇದ್ತೀನಿ" ಎಂದೆ. "ಅಪರೂಪಕ್ಕೆ ಸೇದ್ದೇ ಇರ್ತಾರೆ" ಎಂದು ಹೆಂಡತಿಯಿಂದ ತಿದ್ದುಪಡಿ ಬಂತು. ತಾವಾದರೋ ಒಂದೇ ಸುತ್ತಿನಲ್ಲಿ ಒಳಗಿನದ್ದನ್ನೆಲ್ಲ ಹೊರಹಾಕುತ್ತೀರಿ. ನನ್ನ ಹೆಂಡತಿಗೆ ಸುತ್ತುವ ಅಗತ್ಯವೂ ಇಲ್ಲ. ತಮ್ಮಿಬ್ಬರನ್ನೂ ಒಂದೇ ಕೋಣೆಯಲ್ಲಿಟ್ಟರೆ ಊರಿನ ಪೊಲೀಸ್ ಠಾಣೆಯನ್ನು ಮುಚ್ಚಬಹುದು.

ಅನಂತರ ಡಾಕ್ಟರಮ್ಮ ದಾರಿಗಳನ್ನು ವಿವರಿಸಿದರು. ಬ್ರಿಜ್ ಎಂಬ ಹಲ್ಲಿನ ಸೇತುವೆ ಕಟ್ಟಬಹುದು, ಆದರೆ ಅಕ್ಕಪಕ್ಕದ ನಿರಪರಾಧಿ ಹಲ್ಲುಗಳೆರಡನ್ನು ಅರೆಯಬೇಕು. ಒಬ್ಬ ಬಿದ್ದನೆಂದು ಪಕ್ಕದವರಿಬ್ಬರ ಕೋಟು ಕಳಚಿಸುವ ಈ ನ್ಯಾಯ ನನಗೆ ಹಿಡಿಸಲಿಲ್ಲ. ತೆಗೆದಿಡುವ ಹಲ್ಲನ್ನೇ ಮುಂದುವರಿಸಬಹುದು, ಮಕ್ಕಳು ಓಡಲು ಸಿದ್ಧರಿದ್ದರೆ. ಇಂಪ್ಲಾಂಟೇ ಬೇಕಾದರೆ, ಅದು ಎಲ್ಲರಿಗೂ ಹೊಂದುವ ಅಂಗಿಯಲ್ಲ: ಸಿಗರೇಟು ಬಿಡಬೇಕು, ವಸಡು ಶುದ್ಧಿಯಾಗಬೇಕು, ರಕ್ತದ ಸಕ್ಕರೆ ಹದ್ದುಬಸ್ತಿನಲ್ಲಿದೆಯೆಂದು ಖಾತ್ರಿಯಾಗಬೇಕು, ತೆಳುವಾದ ಕಡೆ ಮೊದಲು ಮೂಳೆ ತುಂಬಿಸಿ ಅದು ಕೂಡಿಕೊಳ್ಳುವವರೆಗೆ ಕಾಯಬೇಕು, ಆಮೇಲೆ ತಿರುಪು ಕೂರಿಸಿ ಮತ್ತೆ ಕಾಯಬೇಕು. "ಅಲ್ಲೀವರೆಗೂ ಮುಂದಿನ ಹಲ್ಲಿನ ಜಾಗಕ್ಕೆ ಒತ್ತಡ ಬೀಳಬಾರ್ದು. ಊದೋದಂತೂ ಬೇಡವೇ ಬೇಡ. ಆತುರ ಇದ್ರೆ ಇದರ ತಂಟೆಗೆ ಬರ್ಬೇಡಿ" ಎಂದರು. ಅಂದರೆ ತಿಂಗಳುಗಟ್ಟಲೆ ಮೌನ; ಅಂದರೆ ಇಡೀ ಸೀಸನ್; ಅಂದರೆ ನನ್ನ ಜಾಗ.

ಆದಕಾರಣ ಮಾನ್ಯರಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಮ್ಮ ಚಿತ್ರದಲ್ಲಿ ಒಂದೆರಡು ಕೂದಲೆಳೆಯಷ್ಟು ಮೂಳೆಯನ್ನು ಕೃಪೆಯಿಂದ ಹೆಚ್ಚಿಗೆ ತೋರಿಸಬೇಕು. ಮದುವೆಯ ಫೋಟೋದವರು ನನಗೆ ಕೂದಲನ್ನೇ ಬರೆದುಕೊಟ್ಟಿದ್ದರು, ಅವರಿಗಿರುವ ಕರುಣೆ ತಮಗಿರಬಾರದೇ? ಅದು ಸಾಧ್ಯವಿಲ್ಲದಿದ್ದರೆ, ಎರಡೆರಡು ಸಾಲು ಹಲ್ಲಿದ್ದ ಮೊದಲ ಚಿತ್ರಕ್ಕೆ ಅಧಿಕೃತ ಮಾನ್ಯತೆ ನೀಡಬೇಕು. ಅದೂ ಆಗದಿದ್ದರೆ, ಒಮ್ಮೆ ಭಾವನವರ ತಲೆಯ ಸುತ್ತಲೂ ತಿರುಗಿ, ಒಳಗೆ ಶ್ರುತಿಯ ಜ್ಞಾನ ಎಲ್ಲಿಯಾದರೂ ಸಿಕ್ಕೀತೇ ಎಂದು ಹುಡುಕಿ, ಸಿಗಲಿಲ್ಲವೆಂಬ ವರದಿಯನ್ನು ನನಗೆ ಗುಟ್ಟಾಗಿ ಕಳಿಸಬೇಕು.

ಇಷ್ಟೆಲ್ಲ ಹೇಳಿಯೂ ತಮ್ಮ ಮೇಲೆ ನನಗೆ ಸಿಟ್ಟಿಲ್ಲ. ಮುಖಸ್ತುತಿ ಮಾಡದೆ ಮುಖದ ಒಳಗನ್ನು ತೋರಿಸುವವರು ಎಷ್ಟು ಜನರಿದ್ದಾರೆ? ಮೂಳೆ ತುಂಬಿಸಿಕೊಂಡು ತಿರುಪನ್ನೇ ಹಾಕಿಸಿಕೊಳ್ಳುವುದೆಂದು ತೀರ್ಮಾನಿಸಿದ್ದೇನೆ. ಸಿಗರೇಟಿನ ಪೊಟ್ಟಣ ಹೆಂಡತಿಯ ವಶದಲ್ಲಿದೆ, ಸಕ್ಕರೆಯ ಡಬ್ಬವೂ ಅಲ್ಲೇ ಇದೆ. ಮೊದಲ ಸಾಲಿನ ನನ್ನ ಜಾಗವೂ ಭದ್ರ. ಒಂದು ದಿನವೂ ಗೈರುಹಾಜರಾಗದೆ, ಹಲ್ಲಿಗೂ ನೋವಾಗದೆ ಸೀಸನ್ ದಾಟುವ ಉಪಾಯವೊಂದು ನನಗೆ ಹೊಳೆದಿದೆ. ಅದೇನೆಂದು ಪತ್ರದ ಗೌರವಾನ್ವಿತ ಭಾಗದಲ್ಲಿ ಬರೆಯಲು ಸಂಕೋಚ.

ತಮ್ಮ ತೋಳು ಎಂದೆಂದಿಗೂ ಸದ್ದು ಮಾಡುತ್ತಿರಲಿ, ಶ್ರುತಿ ಮಾತ್ರ ತಪ್ಪದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ತುಟಿ ಮುಚ್ಚಿ ನಗುವ ಕ್ಲಾರಿನೆಟ್ಟಿನವನು

ತಾ. ಕ.: ತಾವು ಹೇಗಿದ್ದರೂ ಒಳಗಿನದ್ದನ್ನು ಕಂಡುಹಿಡಿಯುತ್ತೀರಿ, ನಾನೇ ಹೇಳಿಬಿಡುತ್ತೇನೆ. ಮೊನ್ನೆ ಬಟ್ಟೆ ಅಂಗಡಿಯ ಉದ್ಘಾಟನೆಗೆ ಹೊರಡುವಾಗ ತೆಗೆದಿಡುವ ಹಲ್ಲನ್ನು ಮನೆಯ ಲೋಟದಲ್ಲೇ ಮರೆತಿದ್ದೆ. ಬೇರೆ ದಾರಿ ಕಾಣದೆ ಕ್ಲಾರಿನೆಟ್ಟನ್ನು ತುಟಿಗಿಟ್ಟುಕೊಂಡು, ಒಂದು ಉಸಿರನ್ನೂ ಊದದೆ, ಕೆನ್ನೆ ಉಬ್ಬಿಸಿ, ಬೆರಳಾಡಿಸುತ್ತ, ಎತ್ತರದ ಸ್ವರಗಳಲ್ಲಿ ಕಣ್ಣು ಮುಚ್ಚಿ, ಕಾರ್ಯಕ್ರಮವನ್ನು ಮುಗಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಭಾವನವರು ಬಂದು ಬೆನ್ನು ತಟ್ಟಿ, "ಇವತ್ತು ನೋಡಿ ಬ್ಯಾಂಡು ಬ್ಯಾಂಡಿನ ಹಾಗಿತ್ತು! ಇನ್ಮೇಲೆ ನೀವು ಯಾವಾಗ್ಲೂ ಹೀಗೇ ನುಡಿಸಿ" ಎಂದರು. ಆದ್ದರಿಂದ ಮೂಳೆಗೆ ಹೇಳಿಬಿಡಿ, ಆತುರವೇನಿಲ್ಲ.