ಕುಂಕುಮ ಕಲಿತ ಕಂಪ್ಯೂಟರು

ಇಷ್ಟಕ್ಕೆಲ್ಲ ಕಾರಣ ಒಂದು ಹಿಡಿ ಅರಿಶಿನ. ಅಡುಗೆಮನೆಯ ಡಬ್ಬಿಯಲ್ಲಿ ತನ್ನ ಪಾಡಿಗೆ ತಾನಿರಬೇಕಾದ ಅರಿಶಿನ ಕಾಲೇಜಿಗೆ ಬಂದರೆ ಇನ್ನೇನಾಗುತ್ತೆ ಹೇಳಿ.

ಚಲುವರಾಜು ಶ್ರೀರಂಗಪಟ್ಟಣದ ಕಾಲೇಜೊಂದರ ಗಣಕ ಸಂಘದ ಅಧ್ಯಕ್ಷ. ಸಂಘ ಅಂದರೆ ಏನೋ ಭಾರಿ ಅಂದುಕೊಂಡೀರಿ. ಇವನು, ಗಂಜಾಂನ ಮಹ್ವಿಶ್, ಎರಡು ಲ್ಯಾಪ್‌ಟಾಪು, ವರ್ಷಪೂರ್ತಿ ಪ್ರಿನ್ಸಿಪಾಲರ ಹಿಂದೆ ಅಲೆದು ಗಿಟ್ಟಿಸಿಕೊಂಡ ಒಂದು ಪುಟ್ಟ ಕೊಠಡಿ, ಅಷ್ಟೆ. ಆ ಕೊಠಡಿ ಅಂದರೆ ಅವನಿಗೆ ಪ್ರಾಣ. ಹೊರಗೆ ಅವನನ್ನು ಕೇಳೋರಿಲ್ಲ, ಹೇಳೋರಿಲ್ಲ. ಬೀಗ ತೆಗೆದು ಒಳಗೆ ಕೂತರೆ ಮಾತ್ರ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು.

ಪ್ರಿನ್ಸಿಪಾಲ್ ನಂಜಪ್ಪನವರಿಗೋ ಅದರ ಮೇಲೇ ಕಣ್ಣು. "ನೋಡಪ್ಪ, ಶುಕ್ರವಾರದ ಸಮಾರಂಭದಲ್ಲಿ ನಿಮ್ಮ ಸಂಘ ಏನು ಕಡಿದು ಕಟ್ಟೆ ಹಾಕಿದೆ ಅಂತ ಅತಿಥಿಗಳ ಎದುರು ತೋರಿಸು. ಅವರು ಮೆಚ್ಚಿದ್ರೆ ಕೊಠಡಿ ಸಂಘದ್ದು. ಇಲ್ದಿದ್ರೆ ಸಂಜೆ ಐದಕ್ಕೆ ಬೀಗದ ಕೈ ನನ್ನ ಟೇಬಲ್ ಮೇಲಿರಬೇಕು" ಅಂದಿದ್ದರು.

ತೋರಿಸಲು ಇವರ ಹತ್ತಿರ ಒಂದಿತ್ತು. ಮುಖ ನೋಡಿ ಇಂಥದ್ದೇ ಹಸು ಅಂತ ಹೇಳುವ ಪ್ರೋಗ್ರಾಮು. ಮಹ್ವಿಶ್ ಎರಡು ತಿಂಗಳು ಅರಕೆರೆಯ ಕೊಟ್ಟಿಗೆ ಕೊಟ್ಟಿಗೆ ಸುತ್ತಿ, ಸಾವಿರ ಫೋಟೊ ತೆಗೆದು ಅದಕ್ಕೆ ಪಾಠ ಹೇಳಿದ್ದಳು. ಕ್ಯಾಮೆರಾ ಮುಂದೆ ಹಸು ಬಂದರೆ ಸಾಕು, ಹೆಸರು, ದಿನಕ್ಕೆಷ್ಟು ಹಾಲು, ಗಬ್ಬವೋ ಅಲ್ಲವೋ, ಎಲ್ಲ ಪರದೆಯ ಮೇಲೆ. ಸಮಾರಂಭಕ್ಕೆ ತನ್ನ ಹಸು ಗೌರಿಯನ್ನು ಕರೆತರಲು ಅರಕೆರೆಯ ದ್ಯಾವಮ್ಮ ಒಪ್ಪಿದ್ದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಂಪೊದಿಂದ ಗೌರಿ ಇಳಿದಳು. ಚಲುವರಾಜು ಓಡಿ ಬಂದ. ಮುಖದ ತುಂಬ ಅರಿಶಿನ, ಹಣೆಗೆ ಅಂಗೈಯಗಲ ಕುಂಕುಮ, ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡುಹೂವಿನ ಹಾರ.

"ಇದೇನವ್ವಾ ಇಂಗ್ ಮಾಡ್ಬುಟ್ಟೆ?"

"ಇನ್ನೆಂಗ್ಲಾ ಮಗ ಕರ್ಕೊಂಡ್ ಬರ್ಲಿ? ನಮ್ ವಂಶದಲ್ಲಿ ಕಾಲೇಜ್ ಮೆಟ್ಟಿಲು ಅತ್ತಿದೋಳು ಇವ್ಳೊಬ್ಳೇ ಕಣ್ಲಾ! ಬೋಳು ಮಕದಲ್ಲಿ ಬಂದಾಳಾ?"

ಮಹ್ವಿಶ್ ಕ್ಯಾಮೆರಾ ತಿರುಗಿಸಿದಳು. 'ಹಸು ಕಂಡುಬಂದಿಲ್ಲ' ಎಂದಿತು ಪರದೆ. ಗೌರಿ ಅಂಬಾ ಎಂದಳು.

"ಗುಡ್ಡದಂಗೆ ನಿಂತವ್ಳೆ, ಇಲ್ಲ ಅಂತದಲ್ಲ! ನಿಮ್ ಮಿಸಿನ್ನಿಗೇನು ಕಣ್ಣು ಇಂಗೋಗಿದ್ದಾವಾ?" ದ್ಯಾವಮ್ಮನಿಗೆ ಸಿಟ್ಟು ಬಂತು.

ಚಲುವರಾಜು ಒದ್ದೆ ಬಟ್ಟೆ ತಂದು ಹಸುವಿನ ಹಣೆಗೆ ಕೈ ಹಾಕಿದ್ದೇ ತಡ, ದ್ಯಾವಮ್ಮ ಕಾಲೇಜು ಕಿತ್ತುಹೋಗುವಂತೆ ಕೂಗಿದಳು. "ಅಯ್ಯೋ ಪಾಪಿ! ಶುಕ್ರವಾರದ ಒತ್ನಲ್ಲಿ ಮುತ್ತೈದೆ ಕುಂಕುಮ ಅಳಿಸ್ತೀಯಾ? ನಿನ್ ಕೈ ಸೇದೋಗ!"

ಜನ ಸೇರಿತು. ಸೇರಿದ ಮೇಲೆ ಸುಮ್ಮನಿರುತ್ತಾರೆಯೇ? ಕನ್ನಡದ ಪ್ರಮೀಳಾ ಮೇಡಂ, ಹಸುವಿನ ಹೆಸರನ್ನೇ ಬದಲಾಯಿಸಿ ನೋಡಿ ಎಂದರು. ವಾಚ್‌ಮನ್ ಹಿಂದಿನಿಂದ ತೋರಿಸೋಣ ಎಂದು ಹಸುವನ್ನು ತಿರುಗಿಸಿದ. ಅದು ಅವನ ಟೋಪಿಯನ್ನು ಬಾಲದಲ್ಲಿ ಹಾರಿಸಿತು. ಕ್ಯಾಂಟೀನಿನ ಮಂಜುನಾಥ ಮಾತ್ರ ಮಾತಾಡುವವನಲ್ಲ, ಮಾಡುವವನು. "ಪೂಜೆ ಮಾಡ್ದೆ ಮಿಸಿನ್ ಓಡ್ಸಿದ್ರೆ ಇಂಗೇ ಆಗೋದು" ಎನ್ನುತ್ತ ಕ್ಯಾಮೆರಾದ ಕಣ್ಣಿಗೇ ಕುಂಕುಮ ಇಟ್ಟುಬಿಟ್ಟ. ಪರದೆಯಲ್ಲಿ ಇಡೀ ಕಾಲೇಜು ಕೆಂಪಾಯಿತು.

ಅದನ್ನು ಒರೆಸುವಷ್ಟರಲ್ಲಿ ಹತ್ತು ಗಂಟೆ. ಚಲುವರಾಜನಿಗೆ ಅಳುವೇ ಬಂತು. ಕೊನೆಗೆ ಒಂದು ಉಪಾಯ ಹೊಳೆಯಿತು. "ಮಹ್ವಿಶ್, ಇವ್ಳು ಇಂಗೇ ಇರ್ಲಿ. ಇದೇ ವೇಸದಲ್ಲಿ ಫೋಟೊ ತೆಗ್ದು ಮಿಸಿನ್ನಿಗೇ ಒಸದಾಗಿ ಕಲ್ಸು."

ಇನ್ನೂರು ಫೋಟೊ ಹೊಡೆದರು. ಹನ್ನೊಂದೂವರೆಗೆ ಪರದೆ 'ಗೌರಿ' ಎಂದಿತು. ದ್ಯಾವಮ್ಮ ಲಟಿಕೆ ಮುರಿದಳು. ಮಹ್ವಿಶ್ ಮುಖ ಮಾತ್ರ ಸಪ್ಪಗಿತ್ತು. "ಯಾ ಅಲ್ಲಾ, ಚಲುವರಾಜು, ಇದು ಮಕ ಕಲ್ತಿಲ್ಲ. ಬರೀ ಕುಂಕುಮ, ಹಾರ ಕಲ್ತದೆ ಅಷ್ಟೆ."

"ಕಲೀಲಿ ಬುಡು. ಇವತ್ತೊಂದಿನ ಸಾಕು."

ಹನ್ನೆರಡಕ್ಕೆ ಮುಖ್ಯ ಅತಿಥಿ ನಾಗರಾಜು ಬಂದರು. ಪಾಂಡವಪುರದ ಕಡೆಯ ಹಾಲಿನ ಸೊಸೈಟಿಗೆ ಇಪ್ಪತ್ತು ವರ್ಷದಿಂದ ಅವರೇ ಅಧ್ಯಕ್ಷರು. ನಮ್ಮ ಕಡೆ ಅತಿಥಿಯನ್ನು ಬರಿ ಹಣೆಯಲ್ಲಿ ಕೂರಿಸುವ ಪದ್ಧತಿ ಉಂಟೇ? ಹಣೆಗೆ ಕುಂಕುಮ, ತಲೆಗೆ ಪೇಟ, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿದ್ದ ನಂಜಪ್ಪನವರಿಗೂ ಅದೇ.

ಚಲುವರಾಜು ದೇವರನ್ನು ನೆನೆದು ಗುಂಡಿ ಒತ್ತಿದ. ಗೌರಿ ಇನ್ನೂ ಬಾಗಿಲಲ್ಲಿದ್ದಳು. ಕ್ಯಾಮೆರಾ ವೇದಿಕೆಯ ಕಡೆಗಿತ್ತು. ನಾಗರಾಜು ಅವರ ಮುಖದ ಸುತ್ತ ಹಸಿರು ಚೌಕ ಮೂಡಿತು. 'ಗೌರಿ. ದಿನಕ್ಕೆ ಎಂಟು ಲೀಟರು. ನಾಲ್ಕು ತಿಂಗಳ ಗಬ್ಬ.'

ಚಲುವರಾಜು ಗಾಬರಿಯಲ್ಲಿ ಕ್ಯಾಮೆರಾ ಎಳೆದ. ಅದು ನಂಜಪ್ಪನವರತ್ತ ತಿರುಗಿತು. ಅವರೂ ಗೌರಿ, ಅವರೂ ಗಬ್ಬ. ಹಿಂದಿನ ಬೆಂಚಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳಿದರು. ಕೊಠಡಿ ಹೋಯಿತು ಎಂದು ಚಲುವರಾಜು ಕಣ್ಣು ಮುಚ್ಚಿಕೊಂಡ.

ನಾಗರಾಜು ನಿಧಾನಕ್ಕೆ ಎದ್ದು ಮೈಕು ಹಿಡಿದರು. ಅವರ ಕಣ್ಣಲ್ಲಿ ನೀರು.

"ಇಪ್ಪತ್ತೊರ್ಸ ಹಾಲು ಹಾಲು ಅಂತ ಜೀವ ತೇಯ್ದೆ. ಊರೋರು ಕಳ್ಳ ಅಂದ್ರು. ಕಟ್ಕೊಂಡೋಳು ದಂಡಪಿಂಡ ಅಂದ್ಲು. ಈ ಮಿಸಿನ್ನು ಒಂದ್ಸಲ ಮಕ ನೋಡ್ತು, ಒಳಗಿರೋ ಗೋಮಾತೇನ ಗುರ್ತು ಇಡಿದ್ಬುಡ್ತು!" ಎಂದು ಬಿಕ್ಕಿದರು. "ಈ ಸಂಘಕ್ಕೆ ನನ್ ಕೊಟ್ಟಿಗೆಯಿಂದ ಒಂದು ಅಸ ದಾನ ಮಾಡ್ತಾ ಇವ್ನಿ. ಇವತ್ತೇ!"

ಚಪ್ಪಾಳೆಯೋ ಚಪ್ಪಾಳೆ. ನಂಜಪ್ಪನವರು ಗತಿಯಿಲ್ಲದೆ ಚಲುವರಾಜನ ಕೈ ಕುಲುಕಿದರು. "ಕೊಟ್ಟ ಮಾತಿಗೆ ತಪ್ಪಲ್ಲಪ್ಪ. ಕೊಠಡಿ ಸಂಘದ್ದೇ." ಚಲುವರಾಜು ಮಹ್ವಿಶ್‌ಗೂ ದ್ಯಾವಮ್ಮನಿಗೂ ಕ್ಯಾಂಟೀನಿನಲ್ಲಿ ಮಸಾಲೆ ದೋಸೆ ಕೊಡಿಸಿದ. ಅಂಥ ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ನಾಲ್ಕು ಗಂಟೆಗೆ ಟೆಂಪೊ ಬಂತು. ಆನೆಮರಿಯಂಥ ಸೀಮೆಹಸು ಇಳಿಯಿತು.

"ಸಾರ್, ಎಲ್ಲಿ ಕಟ್ಟೋದು?" ಎಂದ ಚಲುವರಾಜು.

ನಂಜಪ್ಪನವರ ಮುಖದಲ್ಲಿ ಬೆಳಿಗ್ಗೆಯಿಂದ ಕಾಣದ ನಗು ಅರಳಿತು. "ದಾನ ಬಂದಿದ್ದು ಯಾರಿಗಪ್ಪ?"

"ಸಂಘಕ್ಕೆ ಸಾರ್."

"ಕೊಠಡಿ ಯಾರದ್ದು?"

"ಸಂಘದ್ದು ಸಾ..." ಎನ್ನುವಾಗಲೇ ಅವನಿಗೆ ಹೊಳೆಯಿತು. "ವಾಪಸ್ ಕಳಿಸ್ಬುಡನಾ ಸಾರ್?"

"ಗೋದಾನ ವಾಪಸ್ಸಾ? ಎಲ್ಲಾದ್ರೂ ಉಂಟಾ! ಮೇಜು ಆಚೆ ಹಾಕು, ಹುಲ್ಲು ಹರಡು."

ಐದು ಗಂಟೆಗೆ ಗಣಕ ಸಂಘ ಲ್ಯಾಪ್‌ಟಾಪುಗಳನ್ನು ಎದೆಗವಚಿಕೊಂಡು ಜಗಲಿಯಲ್ಲಿ ನಿಂತಿತ್ತು. ಒಳಗೆ ಹಸು ಇಂಟರ್ನೆಟ್ಟಿನ ವೈರು ಮೆಲ್ಲುತ್ತಿತ್ತು. ಜವಾನ ಬಂದು ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಹೋದ. ಚಲುವರಾಜು ಹತ್ತಿರ ಹೋಗಿ ಓದಿದ.

'ಗಣಕ ಸಂಘದ ಅಧ್ಯಕ್ಷರು ನಾಳೆಯಿಂದ ಬೆಳಗಿನ ಜಾವ ಐದಕ್ಕೆ ಹಾಜರಿರತಕ್ಕದ್ದು. ಕರೆದ ಹಾಲನ್ನು ಪ್ರಿನ್ಸಿಪಾಲರ ಮನೆಗೆ ತಲುಪಿಸತಕ್ಕದ್ದು. ತಂಬಿಗೆಯನ್ನು ಸಂಘವೇ ತರತಕ್ಕದ್ದು.'