ಭಾವ ಏಣಿ ಇಳಿದದ್ದು

ನಮ್ಮ ಭಾವನವರ ಬೆಟ್ಟದ ಮನೆಗೆ ಹೋದವರು ಊಟ ಮಾಡದೆ ವಾಪಸು ಬರಬಹುದು. ಚಾವಣಿ ನೋಡದೆ ಬರುವಂತಿಲ್ಲ! ಕಾರಿನಿಂದ ಇಳಿದ ಕೂಡಲೇ ನಿಮ್ಮನ್ನು ಅಂಗಳದಲ್ಲಿ ನಿಲ್ಲಿಸಿ ಒಂದೊಂದು ತಗಡಿನ ಕಥೆಯನ್ನೂ ಹೇಳುತ್ತಾರೆ. ಒಳಗೆ ನಮ್ಮಕ್ಕ ಮಾಡಿಟ್ಟ ಬಿಸಿಬೇಳೆಬಾತು ಆರಿ ತಣ್ಣಗಾದರೂ ಭಾವ ಎರಡನೇ ತಗಡಿನಲ್ಲೇ ಇರುತ್ತಾರೆ.

ಕೋವಿಡ್ ಕಾಲದಲ್ಲಿ ರಾಂಚೊ ಬರ್ನಾರ್ಡೊ ಎಂಬ ಊರಿನ ಮನೆಯಲ್ಲೇ ಕೂತು ಆಫೀಸು ಕೆಲಸ ಮಾಡಿ ಬೇಜಾರಾದ ಭಾವ, ಎರಡು ಗಂಟೆ ದೂರದ ಬೆಟ್ಟದಲ್ಲಿ ಪೈನ್ ಮರಗಳ ನಡುವೆ ಈ ಪುಟ್ಟ ಕ್ಯಾಬಿನ್ ಕೊಂಡರು. ಹಳೆಯ ಮರದ ಚಾವಣಿ ಕಿತ್ತುಹಾಕಿ ಉಕ್ಕಿನ ತಗಡು ಹೊದಿಸಿದರು. ಗಾಳಿಗೆ ಹಾರದಿರಲಿ ಎಂದು ಕೆಲಸದವರು ಹೇಳಿದ್ದಕ್ಕಿಂತ ಎರಡು ಪಟ್ಟು ತಿರುಪು. ಕಾಳ್ಗಿಚ್ಚಿನ ಕಿಡಿ ನುಗ್ಗದಿರಲಿ ಎಂದು ಗಾಳಿಕಿಂಡಿಗಳಿಗೆ ಸೊಳ್ಳೆಯೂ ತೂರದ ಬಲೆ. "ನನ್ನನ್ನ ನೋಡೋಕೆ ಬಂದಾಗ ಹತ್ತು ನಿಮಿಷ ಕೂತಿದ್ರು. ತಗಡು ನೋಡೋಕೆ ಮೂರು ತಿಂಗಳು!" ಎನ್ನುತ್ತಾಳೆ ಅಕ್ಕ.

ಇಂಥ ಕಡಿದಾದ ಚಾವಣಿಯ ಮೇಲೆ ಹಿಮ ನಿಲ್ಲುವುದೇ ಇಲ್ಲ ಎಂದು ಭಾವ ಘೋಷಿಸಿದ್ದರು. ನಿಲ್ಲಲಿಲ್ಲ, ನಿಜ! ಮೊದಲ ದೊಡ್ಡ ಹಿಮ ಬಿದ್ದಾಗ ಪೋರ್ಟರ್ ರ್ಯಾಂಚ್‌ನ ನನ್ನ ಮನೆಯಿಂದ ನಾನೂ ಹೋಗಿದ್ದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ತಲೆಯ ಮೇಲೆ ಲಾರಿ ಮಗುಚಿದಂಥ ಸದ್ದು. ಚಾವಣಿಯ ಅಷ್ಟೂ ಹಿಮ ಒಂದೇ ಏಟಿಗೆ ಜಾರಿ ಬಿದ್ದಿತ್ತು. ಬಾಗಿಲು ತೆರೆದರೆ ಎದುರಿಗೆ ಎದೆಯೆತ್ತರದ ಬಿಳಿ ಗೋಡೆ!

"ನೋಡಿದ್ಯೇನೋ? ರೂಫ್ ಮೇಲೆ ಒಂದು ಚೂರೂ ಉಳ್ದಿಲ್ಲ!" ಅಂದರು ಭಾವ.

"ರೂಫ್ ಬಚಾವಾಯ್ತು. ಈಗ ನಾವು ಆಚೆ ಹೋಗೋದು ಹೇಗೆ ಅಂತ ಹೇಳಿ," ಅಂದಳು ಅಕ್ಕ.

ಅಡುಗೆಮನೆ ಕಿಟಕಿಯಿಂದ ಹಾರಿದವನು ನಾನು. ಎರಡು ಗಂಟೆ ಸಲಿಕೆ ಹಿಡಿದವನೂ ನಾನೇ. ಭಾವ ಒಳಗಿನಿಂದ ಸಲಹೆ ಕೊಟ್ಟರು.

ಆಮೇಲೊಮ್ಮೆ ಅಗ್ನಿಶಾಮಕ ದಳದ ಹೆಂಗಸೊಬ್ಬಳು ತಪಾಸಣೆಗೆ ಬಂದಳು. ತಗಡು ಹೊಗಳಿದಳು, ಬಲೆ ಹೊಗಳಿದಳು, ಭಾವ ಉಬ್ಬಿಹೋದರು. ಕೊನೆಗೆ ಬಾಗಿಲ ಮೇಲೆ ಬೆರಳು ತೋರಿಸಿ "ಇದೇನು?" ಅಂದಳು. ಗೃಹಪ್ರವೇಶಕ್ಕೆ ಕಟ್ಟಿದ ಮಾವಿನ ತೋರಣ! ವರ್ಷವಾಗಿ, ಒಣಗಿ, ಹಪ್ಪಳದಂತಾಗಿತ್ತು. ದಿನಕ್ಕೆರಡು ಸಲ ಪೈನ್ ಎಲೆ ಗುಡಿಸುವ ಮನುಷ್ಯನಿಗೆ ಇದು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಹೊಸದು ಕಟ್ಟುವ ತನಕ ಹಳೆಯ ತೋರಣವನ್ನು ನಮ್ಮಲ್ಲಿ ಯಾರು ಬಿಚ್ಚುತ್ತಾರೆ?

"ಕಿಡಿ ಬಿದ್ದರೆ ಮೊದಲು ಹತ್ತಿಕೊಳ್ಳುವುದು ಇದೇ," ಎಂದು ಹೇಳಿ ಅವಳು ಹೋದಳು. ಭಾವ ತೋರಣ ಬಿಚ್ಚಿದರು. ಎಸೆಯಲು ಮನಸ್ಸು ಬರಲಿಲ್ಲ. ಮಾರನೆಯ ದಿನ ತೆಂಗಿನತುರಿ ತೆಗೆಯಲು ಹೋದ ಅಕ್ಕನಿಗೆ ಅದು ಫ್ರೀಜರಿನಲ್ಲಿ ಸಿಕ್ಕಿತು. "ಅಲ್ಲಿ ಖಂಡಿತ ಹತ್ಕೊಳ್ಳಲ್ಲ," ಎಂಬುದು ಭಾವನವರ ಸಮಜಾಯಿಷಿ.

ಇಷ್ಟೆಲ್ಲ ನಕ್ಕವನು ನಾನು ಆ ಸೆಪ್ಟೆಂಬರಿನ ಮಧ್ಯಾಹ್ನ ಮಾತ್ರ ನಗಲಿಲ್ಲ. ಎದುರು ಬೆಟ್ಟದ ಹಿಂದಿನಿಂದ ಹೊಗೆ ಏಳುತ್ತಿತ್ತು. ಕೂಡಲೇ ಜಾಗ ಖಾಲಿ ಮಾಡಿ ಎಂದು ಮೂವರ ಫೋನುಗಳೂ ಒಟ್ಟಿಗೆ ಕಿರುಚಿದವು. ನಾನು ಸಾಮಾನು ಕಾರಿಗೆ ತುಂಬಿದೆ. ಭಾವ ಪೊರಕೆ ಹಿಡಿದು ಚಾವಣಿ ಹತ್ತಿದರು!

"ಐದೇ ನಿಮಿಷ! ಉತ್ತರದ ಕಡೆ ರೂಫ್ ಅಂಚಿನ ಗಟರ್ ತುಂಬ ಒಣ ಎಲೆ ಇದೆ ಕಣೋ."

ಐದು ನಿಮಿಷ ಮೂರು ಸಲ ಮುಗಿಯಿತು. ಕೊನೆಯ ನೆರೆಯವರ ಕಾರೂ ಹೋಯಿತು. ವಿಂಡ್‌ಶೀಲ್ಡಿನ ಮೇಲೆ ಬೂದಿ ಉದುರತೊಡಗಿತು. ಗಾಳಿಗೆ ಭಾವನವರ ಅಂಗಿ ಪಟಪಟ ಬಡಿಯುತ್ತಿತ್ತು. ನಾನು ಕೂಗಿದೆ, ಬೈದೆ, ಕೈ ಮುಗಿದೆ.

ಅಕ್ಕ ಏಣಿ ಹಿಡಿದು ನಿಂತಿದ್ದಳು. ಮಂಡಿನೋವಿನಿಂದ ಹತ್ತು ವರ್ಷವಾಯಿತು, ಅವಳು ಒಂದು ಸ್ಟೂಲೂ ಹತ್ತಿದವಳಲ್ಲ. ನಾನು ಬೇಡ ಬೇಡ ಎನ್ನುತ್ತಿರುವಂತೆಯೇ ಏಣಿ ಹತ್ತಿ, ಚಾವಣಿಯ ಅಂಚಿನಲ್ಲಿ ಕುಳಿತುಬಿಟ್ಟಳು.

"ನೀವು ನಿಧಾನಕ್ಕೆ ಮುಗ್ಸಿ. ನಾನು ಇಲ್ಲೇ ಕೂತಿರ್ತೀನಿ."

"ಏ, ನಿಂಗೇನು ತಲೆ ಕೆಟ್ಟಿದ್ಯಾ? ಇಳಿ! ಇಳಿ ಮೊದ್ಲು!"

"ಇಳಿಯೋಕೆ ಬರಲ್ಲ ನಂಗೆ."

ಪೊರಕೆ ನನ್ನ ಪಕ್ಕದಲ್ಲೇ ಬಿತ್ತು. ಭಾವ ಏಣಿಗೆ ಬಂದು, ಎರಡು ಮೆಟ್ಟಿಲು ಕೆಳಗಿಳಿದು, ಅಕ್ಕನ ಪಾದವನ್ನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಡತೊಡಗಿದರು. "ಇಲ್ಲಿ... ಹಾಂ... ಈಗ ಇನ್ನೊಂದು. ಬೀಳಲ್ಲ, ನಾನಿದೀನಿ."

ಬೆಂಕಿ ಪಕ್ಕದ ಕಣಿವೆಗೆ ತಿರುಗಿತೆಂದೂ ಮನೆ ಉಳಿಯಿತೆಂದೂ ಗೊತ್ತಾದದ್ದು ಮೂರು ದಿನದ ಮೇಲೆ. ಅವತ್ತು ಬೆಟ್ಟ ಇಳಿಯುವಾಗ ಮನೆ ಹೋಯಿತು ಎಂದೇ ನಾನು ತಿಳಿದಿದ್ದೆ. ಭಾವ ಹಿಂದಿನ ಸೀಟಿನಲ್ಲಿ ಅಕ್ಕನ ಪಕ್ಕ ಕುಳಿತಿದ್ದರು. ಒಮ್ಮೆಯೂ ತಿರುಗಿ ನೋಡಲಿಲ್ಲ. ಸಮಾಧಾನ ಹೇಳೋಣವೆಂದು ನಾನು, "ಗಟರ್ ಮುಕ್ಕಾಲು ಪಾಲು ಕ್ಲೀನ್ ಮಾಡಿದ್ರಲ್ಲ ಭಾವ, ರೂಫ್‌ಗೆ ಏನೂ ಆಗಲ್ಲ," ಅಂದೆ.

ಕನ್ನಡಿಯಲ್ಲಿ ನೋಡಿದೆ. ಮಸಿಯಾದ ಎರಡೂ ಕೈಗಳಿಂದ ಅಕ್ಕನ ಮಂಡಿ ಹಿಡಿದುಕೊಂಡು, ಭಾವ ಮೆಲ್ಲಗೆ ಕೇಳುತ್ತಿದ್ದರು: "ತುಂಬಾ ನೋಯ್ತಿದೆಯೇನೇ?"