ಮೂರು ಕೂಗಿನ ಸೇಬು

ಇಂದ,
ಉಪೇಂದ್ರ, ಲೇತ್ ಆಪರೇಟರ್ ಹಾಗೂ ತಂದೆ,
ಮೊದಲನೇ ಮಹಡಿ, ಟಿ. ದಾಸರಹಳ್ಳಿ.

ಗೆ,
ಶ್ರೀಮತಿ ಸಿದ್ದಕ್ಕನವರು,
ಅತ್ತೆಯವರು ಹಾಗೂ ಅಡುಗೆಮನೆಯ ಪ್ರಭಾರ ಅಧಿಕಾರಿಗಳು,
ಅದೇ ಮನೆ.

ವಿಷಯ: ಏಳು ತಿಂಗಳ ಕು. ಸುಕೃತಿಯನ್ನು ಹಿರಿಯೂರಿಗೆ ವರ್ಗಾಯಿಸುವ ಆದೇಶವನ್ನು ರದ್ದುಪಡಿಸಿ, ಅರ್ಜಿದಾರನು ರುಬ್ಬಿದ ಸೇಬನ್ನು ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ: ಬುಧವಾರ ಬೆಳಗ್ಗೆ ತಾವು ಸೊಂಟದ ಮೇಲೆ ಕೈ ಇಟ್ಟುಕೊಂಡು ಹೊರಡಿಸಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ವಿನಯಪೂರ್ವಕವಾಗಿ, ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡೇ, ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಹೆಂಡತಿ ವತ್ಸಲಾಳ ಹೆರಿಗೆ ರಜೆ ಮುಗಿದು ಬರುವ ಸೋಮವಾರದಿಂದ ಫಸ್ಟ್ ಶಿಫ್ಟ್. ಅರ್ಜಿದಾರನದು ಸೆಕೆಂಡ್ ಶಿಫ್ಟ್. ಕಾರಣ, ಮಗುವಿನ ಬೆಳಗಿನ ಊಟ ಅರ್ಜಿದಾರನ ಪಾಲಿಗೆ ಬಂದಿದೆ. ಬಂದದ್ದು ಅವನಿಗೆ ಸಂತೋಷವೇ.

೨. ಬುಧವಾರ ವತ್ಸಲಾ ಸೇಬಿನ ಸಿಪ್ಪೆ, ಬೀಜ ತೆಗೆದು ಕುಕ್ಕರಿಗಿಟ್ಟು, "ಮೂರು ಕೂಗಿಗೆ ಆಫ್ ಮಾಡ್ರೀ, ಆರಿದ್ಮೇಲೆ ಮಿಕ್ಸಿಗೆ ಹಾಕಿ" ಎಂದು ಸ್ನಾನಕ್ಕೆ ಹೋದಳು. ಯಾರ ಕೂಗು ಎಂದು ಹೇಳಲಿಲ್ಲ. ಅರ್ಜಿದಾರನು ಹದಿನಾಲ್ಕು ವರ್ಷದಿಂದ ಕಾರ್ಖಾನೆಯ ಕೂಗಿಗೆ ಕೆಲಸ ಹಿಡಿದು, ಕೂಗಿಗೆ ಉಂಡು, ಕೂಗಿಗೆ ಮನೆ ಕಡೆ ಹೊರಡುವವನು. ಆದ್ದರಿಂದ ರಸ್ತೆ ತುದಿಯ ಕಾರ್ಖಾನೆ ಕೂಗಿದಾಗ ಒಂದು ಎಂದು ಎಣಿಸಿದನು. ಮಗು ಕೂಗಿತು, ಎರಡು. ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು, ಮೂರು. ಆಫ್ ಮಾಡಿದನು. ಕುಕ್ಕರ್ ಇನ್ನೂ ಬಾಯಿ ಬಿಟ್ಟಿರಲಿಲ್ಲ.

೩. ಸದರಿ ಹಸಿಬಿಸಿ ಸೇಬನ್ನು ರುಬ್ಬಿ ತಿನ್ನಿಸಲಾಗಿ, ಮಗು ಅದನ್ನು ತಮ್ಮ ಹೊಸ ಸೀರೆಯ ಮೇಲೆ ಹಿಂದಿರುಗಿಸಿತು. ತಾವು ಬೆರಳಲ್ಲಿ ಮುಟ್ಟಿ ನೋಡಿ, "ಅಳಿಯಂದ್ರೇ, ಇದೇನ್ ಸೇಬಾ, ಜಲ್ಲಿನಾ? ಮಗೂನ ಊರಿಗೆ ನಾನೇ ಕರ್ಕೊಂಡ್ ಹೋಗ್ತೀನಿ. ಎರಡು ವರ್ಷ ತುಂಬಲಿ, ಆಮೇಲ್ ನೋಡೋಣ" ಎಂದಿರಿ. ವತ್ಸಲಾ ತಲೆ ಒರೆಸಿಕೊಳ್ಳುತ್ತ ಸುಮ್ಮನೆ ನಿಂತಿದ್ದಳು. ತಮ್ಮ ಮಾತಿಗಿಂತ ಅದೇ ಅರ್ಜಿದಾರನಿಗೆ ಹೆಚ್ಚು ನೋವು ತಂದಿತು.

೪. ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿಗೆ ಹಲ್ಲು ಬಂದು, ನಡಿಗೆ ಬಂದು, ಮಾತು ಬಂದು, ಅರ್ಜಿದಾರನನ್ನು "ಅಂಕಲ್" ಎಂದು ಕರೆಯುವ ಸಂಭವವಿರುತ್ತದೆ. ಇದನ್ನು ನೆನೆದರೆ ಅರ್ಜಿದಾರನಿಗೆ ಅಳು ಬರುತ್ತದೆ. ಇದಕ್ಕೆ ದಾಖಲೆ ಒದಗಿಸಲು ಸಾಧ್ಯವಿಲ್ಲ.

೫. ಇಂದು ತಾವು ದೇವಸ್ಥಾನಕ್ಕೆ ಹೋಗಿದ್ದಾಗ ಅರ್ಜಿದಾರನು ಕುಕ್ಕರಿನ ಎದುರೇ ಕುರ್ಚಿ ಹಾಕಿ ಕೂತು, ಕುಕ್ಕರಿನದೇ ಮೂರು ಕೂಗು ಎಣಿಸಿ, ಆರಿಸಿ, ರುಬ್ಬಿ, ಟೀ ಜರಡಿಯಲ್ಲಿ ಸೋಸಿದನು. ಸಕ್ಕರೆ ಹಾಕಿಲ್ಲ. ಮಗು ಐದು ಚಮಚ ತಿಂದಿತು. ವತ್ಸಲಾ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಕಾರಣ ಸಾಕ್ಷಿ ಯಾರೂ ಇಲ್ಲ.

ಆದ್ದರಿಂದ ನಾಳೆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ತಾವು ಖುದ್ದು ಹಾಜರಿದ್ದು ಪರಿಶೀಲಿಸಿ, ಸಂಜೆಯ ಹಿರಿಯೂರಿನ ಬಸ್ಸನ್ನು ತಾವೊಬ್ಬರೇ ಹತ್ತಬೇಕಾಗಿ, ಹತ್ತದಿದ್ದರೆ ಇನ್ನೂ ಒಳ್ಳೆಯದೆಂದು, ವಿನಂತಿ.

ತಮ್ಮ ವಿಶ್ವಾಸವನ್ನು ಬುಧವಾರ ಕಳೆದುಕೊಂಡ,
ಉಪೇಂದ್ರ

ಅಡಕಗಳು: ಮುಚ್ಚಿದ ಬಟ್ಟಲಲ್ಲಿ ಒಂದು ಚಮಚ ಸೇಬು, ತೊಳೆದ ಟೀ ಜರಡಿ, ತಮ್ಮ ಸೀರೆ, ಇಸ್ತ್ರಿ ಮಾಡಿಸಿದ್ದು, ಕಲೆ ಪೂರ್ತಿ ಹೋಗಿಲ್ಲ.

ವಿ.ಸೂ.: ಐದನೇ ಚಮಚ ಕೊಂಚ ತಡವಾದಾಗ ಸುಕೃತಿ ಅರ್ಜಿದಾರನ ಮುಖವನ್ನೇ ನೋಡುತ್ತ, ಬಾಯಿ ತೆರೆದು, ಜೋರಾಗಿ ಕೂಗಿದಳು. ಹಿಂದಿನ ಕೂಗುಗಳನ್ನೆಲ್ಲ ವಜಾ ಮಾಡಿ, ಇದೊಂದು ಕೂಗನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿ ಪ್ರಾರ್ಥನೆ.